ಜೀಪಿನ ಜ್ವರಕ್ಕೆ ಒಣಮೆಣಸಿನಕಾಯಿ

ನನ್ನ ಹಳೆಯ ಜೀಪು ಇನ್ನೆಂದೂ ಕುದಿಯುವುದಿಲ್ಲವೆಂದು ನಾನು ಘೋಷಿಸಿದೆ. ಘೋಷಣೆಗೆ ಆರಿಸಿಕೊಂಡ ಸ್ಥಳ ಚಿತ್ರದುರ್ಗದ ನಮ್ಮ ಅಡುಗೆಮನೆ. ಸಭಿಕರು ಹೆಂಡತಿ ದಾಕ್ಷಾಯಿಣಿ ಮತ್ತು ಒಲೆಯ ಮೇಲಿನ ಹಾಲು.

"ಭೌತಶಾಸ್ತ್ರದ ಪದವೀಧರನ ಗಾಡಿ ಕುದಿಯೋದು ಅಂದ್ರೆ ವಿಶ್ವವಿದ್ಯಾಲಯಕ್ಕೇ ಅವಮಾನ!" ಎಂದೆ.

ಅವಳು ಹಾಲಿನಿಂದ ಕಣ್ಣು ಕೀಳಲಿಲ್ಲ. "ನಾಳೆ ಹೊಸದುರ್ಗದಾಗೆ ಅಣ್ಣನ ಮಗನಿಗೆ ಗೊತ್ತಾಗಿರೋ ಹುಡುಗಿಗೆ ಹೂ ಮುಡಿಸೋ ಶಾಸ್ತ್ರ. ರಾಹುಕಾಲ ಹುಟ್ಟೋದ್ರೊಳಗೆ ಹೂವು, ಸೀರೆ, ನಮ್ಮವ್ವ, ಎಲ್ಲಾ ಹೆಣ್ಣಿನ ಮನೇಲಿರ್ಬೇಕು. ಸುಮ್ನೆ ಒಂದು ಕಾರು ಮಾಡ್ಕಂಡು ಹೋಗಾಣ."

"ಜೀಪಲ್ಲೇ ಹೋಗೋಣ. ದಾರೀಲಿ ಕುದಿದ್ರೆ, ನಿಮ್ಮಣ್ಣ ಹೇಳ್ತಾನಲ್ಲ, ಈ ಜೀಪು ಕೇಳ್ತಿರೋ ಹಿರಿಯೂರಿನ ತೆಂಗಿನಕಾಯಿ ವ್ಯಾಪಾರಿ, ಅವನಿಗೇ ಮಾರಿಬಿಡ್ತೀನಿ!"

"ಇದನ್ನ ಅಣ್ಣನ ಮುಂದೆಯೂ ಹೇಳ್ರಿ," ಎಂದಳು. ಅವನಿಗೆ ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಹಾಲು ಉಕ್ಕಿತ್ತು. ಶಕುನಗಳಲ್ಲಿ ನನಗೆ ನಂಬಿಕೆಯಿಲ್ಲ.

ಮರುದಿನ ವರನೂ ಉಳಿದ ನೆಂಟರೂ ಮುಂಚೆಯೇ ಹೊರಟುಹೋದರು. ಜೀಪಿನ ಭಾಗ್ಯಕ್ಕೆ ಉಳಿದವರು ಮೂವರು. ಮುಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟು ಹೂವಿನ ಬುಟ್ಟಿಯನ್ನು ಮಗುವಿನಂತೆ ಅಪ್ಪಿಕೊಂಡ ನನ್ನ ಅತ್ತೆ ಮಹಾದೇವಮ್ಮ. ಹಿಂದೆ ದಾಕ್ಷಾಯಿಣಿ ಮತ್ತು ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ ವರನ ತಂದೆ, ನನ್ನ ಭಾವಮೈದ ಕಲ್ಲೇಶ್. ಹತ್ತುವ ಮುನ್ನ ಅವನು, ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ, ಜೀಪನ್ನು ಸುತ್ತು ಹಾಕಿ ಟಯರುಗಳನ್ನು ಒದ್ದು ನೋಡಿದ.

ಹೊಳಲ್ಕೆರೆ ಇನ್ನೂ ದೂರವಿರುವಾಗಲೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನ ಸಂದಿಗಳಿಂದ ಹೊಗೆ ಎದ್ದಿತು.

"ಕುದೀತಾ ಭಾವ?" ಕಲ್ಲೇಶನ ದನಿಯಲ್ಲಿ ಕಳವಳ ಇರಲಿಲ್ಲ.

"ಇಲ್ಲ. ಆವಿ ಬಿಡ್ತಾ ಇದೆ. ಕುದಿಯೋದೇ ಬೇರೆ."

ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಹಿಡಿದಿಡುತ್ತಿಲ್ಲ ಎಂಬುದು ನನ್ನ ಪ್ರಥಮ ಶೋಧನೆ. ನೀರು ಹೊಯ್ದು, ಹೊಳಲ್ಕೆರೆಯವರೆಗೆ ತೆವಳಿ, ಹೊಸ ಮುಚ್ಚಳ ಹಾಕಿದೆವು. ಊರು ದಾಟಿದೊಡನೆ ಜೀಪು ಹೊಸ ಮುಚ್ಚಳದಡಿಯಲ್ಲಿ, ಹೊಸ ಹುರುಪಿನಿಂದ ಮತ್ತೆ ಕುದಿಯಿತು.

"ಥರ್ಮೋಸ್ಟಾಟು!" ಎಂದು ಸಾರಿದೆ. "ಇಂಜಿನ್ನಿನ ನೀರಿಗೆ ದಾರಿ ಬಿಡೋ ಬಾಗಿಲು ಅದು. ಅಂಟಿಕೊಂಡಿದೆ. ಕಿತ್ತು ಹಾಕಿದರಾಯ್ತು." ಇಂಜಿನ್ ಆರುವವರೆಗೆ ಕಾದು ಸ್ಪ್ಯಾನರ್ ತಿರುಗಿಸಿದೆ. ಬಾಗಿಲು ಬಂತು, ಹಿಂದೆಯೇ ತುಕ್ಕಿನ ನೀರೂ ಚಿಮ್ಮಿ ಬಂದು ಕಲ್ಲೇಶನ ಪಂಚೆಯನ್ನು ಆಶ್ರಯಿಸಿತು.

"ಭಾವ! ಇದು ಮದುವಣಿಗನ ಅಪ್ಪನ ಪಂಚೆ!"

"ಅಂಚಿಲ್ಲದ ಪಂಚೆಗೆ ಅಂಚು ಬಂತಲ್ಲ ಬಿಡು."

"ಆ ಫ್ಯಾನ್ ಏನಾದ್ರೂ ಕೈ ಕೊಟ್ಟೈತಾ ನೋಡ್ರಿ."

ನನಗೆ ನಗು ಬಂತು. ಮತ್ತೆ ನೀರು ತುಂಬಿ ಕೀಲಿ ತಿರುಗಿಸಿದೆ. "ಅದು ಕರೆಂಟಿನ ಫ್ಯಾನು ಕಣಯ್ಯ. ಹೋದ ವಾರ ನಾನೇ ಕೂರಿಸಿ, ನಾನೇ ವೈರ್ ಎಳೆದಿದ್ದು. ನೋಡು, ಹೇಗೆ ತಿರುಗ್ತಿದೆ! ಅಲ್ಲಿ ತಪ್ಪು ಹುಡುಕೋದು ಸಮಯ ಹಾಳು."

ಮುಂದಿನ ಏರಿನಲ್ಲಿ ಜೀಪು ಮತ್ತೆ ಕುದಿದು ನಿಂತುಬಿಟ್ಟಿತು. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ರಾಜಗಾಂಭೀರ್ಯದಿಂದ ತಿರುಗುತ್ತಿದ್ದವು. ಗಾಳಿಯಿಂದ ಊರೂರಿಗೆ ದೀಪ ಹಚ್ಚುವ ಸೀಮೆಯಲ್ಲಿ ನನ್ನ ರೇಡಿಯೇಟರಿಗೆ ಒಂದು ಉಸಿರಿಗೂ ಗತಿಯಿರಲಿಲ್ಲ! ಕಲ್ಲೇಶ್ ಆ ತೆಂಗಿನಕಾಯಿ ವ್ಯಾಪಾರಿಗೆ ಫೋನ್ ಮಾಡಿ, "ಹೂಂ ಯಜಮಾನ್ರೇ, ಗಾಡಿ ಕೊಡ್ತಾರಂತೆ. ಹೊಸದುರ್ಗಕ್ಕೇ ಬಂದುಬಿಡ್ರಿ," ಎನ್ನುತ್ತಿದ್ದ. ರಾಹುಕಾಲ ಸಮೀಪಿಸುತ್ತಿತ್ತು. ಇಂಜಿನ್ನನ್ನೇ ಬಿಚ್ಚುವುದು ಅನಿವಾರ್ಯವೆಂದು ನಾನು ಪೀಠಿಕೆ ಹಾಕುವಷ್ಟರಲ್ಲಿ ಅತ್ತೆಯವರು ಕೆಳಗಿಳಿದರು.

"ಅಳಿಯಂದ್ರೇ, ಸರೀರಿ ಆಕಡೆ. ಇದು ಕಾಯಿಲೆ ಅಲ್ಲ, ದೃಷ್ಟಿ. ನನ್ನ ಗಾಡಿ, ನನ್ನ ಗಾಡಿ ಅಂತ ಊರೆಲ್ಲಾ ಹೊಗಳ್ಕಂಡ್ರೆ ಇನ್ನೇನಾಗ್ತೈತೆ?"

ಹುಡುಗ ಹುಡುಗಿಗೆ ದೃಷ್ಟಿ ತೆಗೆಯಲೆಂದು ತಂದಿದ್ದ ಉಪ್ಪು, ಒಣಮೆಣಸಿನಕಾಯಿ ಅವರ ಚೀಲದಿಂದ ಹೊರಬಂದವು. ಪಕ್ಕದ ತೋಟದಿಂದ ಒಂದು ತೆಂಗಿನ ಸಿಪ್ಪೆ ಬಂತು. ಬೆಂಕಿಪೊಟ್ಟಣ ಮಾತ್ರ ಕಲ್ಲೇಶನ ಜೇಬಿನಿಂದ ಬಂತು.

"ನಿನ್ನ ಜೇಬಿನಾಗೆ ಇದ್ಯಾಕೈತಲೇ?"

"ಊದಿನಕಡ್ಡಿ ಹಚ್ಚಾಕೆ ಅವ್ವಾ."

"ಮನೆಗೆ ನಡಿ, ಹಚ್ತೀನಿ! ಅಳಿಯಂದ್ರೇ, ಗಾಡಿ ಚಾಲೂ ಮಾಡ್ರಿ. ಮಲಗಿರೋ ಗಾಡಿಗೆ ದೃಷ್ಟಿ ತೆಗುದ್ರೆ ಹತ್ತಲ್ಲ."

ಉಳಿದಿದ್ದ ಕುಡಿಯುವ ನೀರನ್ನು ಹೊಯ್ದು, ಚಾಲಕನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದೆ. ಅತ್ತೆಯವರು ಮೆಣಸಿನಕಾಯಿ ಹೊಗೆಯಾಡುವ ಸಿಪ್ಪೆಯನ್ನು ಜೀಪಿನ ಮೂತಿಗೆ ಹಿಡಿದರು. ಮರುಕ್ಷಣ ಆ ಘಾಟೆಲ್ಲ ಅವರ ಮುಖಕ್ಕೇ ರಾಚಿತು. ಅತ್ತೆಯವರು ಕೆಮ್ಮಿದರು, ಕಲ್ಲೇಶ್ ಸೀನಿದ, ದಾಕ್ಷಾಯಿಣಿ ಹೂವಿನ ಬುಟ್ಟಿಯೊಡನೆ ಓಡಿದಳು.

"ಅವ್ವಾ, ದೃಷ್ಟಿ ಆಗಿದ್ರೆ ಘಾಟೇ ಬರಲ್ಲ ಅಂತೀಯಲ್ಲ!" ಎಂದ ಕಲ್ಲೇಶ್.

"ಅದು ಮನುಷ್ಯರಿಗೆ. ಗಾಡಿಗೆ ಬ್ಯಾರೆ!"

ಒಳಗೆ ಕೂತ ನನ್ನ ಕಣ್ಣಲ್ಲಿ ಮಾತ್ರ ಒಂದು ಹನಿಯಿರಲಿಲ್ಲ. ಆಗ ನನ್ನೊಳಗಿನ ಭೌತಶಾಸ್ತ್ರ ಮೆಲ್ಲನೆ ಕೆಮ್ಮಿತು. ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯಬೇಕು. ಆ ಹೊಗೆ ನನ್ನ ಕಡೆಗೆ ಬರಬೇಕಿತ್ತು. ಫ್ಯಾನೇನೋ ತಿರುಗುತ್ತಿತ್ತು, ಉಲ್ಟಾ! ಎದುರಿನಿಂದ ಬರುವ ಗಾಳಿಯನ್ನೂ ಅದು ನಿಷ್ಠೆಯಿಂದ ಹೊರದಬ್ಬುತ್ತಿತ್ತು. ಎರಡು ವೈರುಗಳನ್ನು ಅದಲುಬದಲಾಗಿ ಸಿಕ್ಕಿಸಿದ ಮಹನೀಯನ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಇಂಜಿನ್ ಆರಿಸಿದೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ, "ನೀರು ನೋಡ್ತೀನಿ" ಎಂದು ಬಾನೆಟ್ಟಿನೊಳಗೆ ತಲೆ ಹಾಕಿ ವೈರು ಬದಲಿಸಿದೆ. ಆಮೇಲೆ ಹೊಸದುರ್ಗದವರೆಗೆ ಮುಳ್ಳು ಮಿಸುಕಲಿಲ್ಲ. ರಾಹುಕಾಲಕ್ಕೆ ಮುನ್ನವೇ ಹುಡುಗಿ ಸುಷ್ಮಿತಾಳ ಮುಡಿಗೆ ಹೂವೇರಿತು.

ಊಟದ ಪಂಕ್ತಿಯಲ್ಲಿ ಕಲ್ಲೇಶ್ ಕೈಚಾಚಿದ. "ಮಾತಂದ್ರೆ ಮಾತು ಭಾವ. ವ್ಯಾಪಾರಿ ಬರ್ತಾ ಅವ್ನೆ. ಕೀಲಿ ಕೊಡ್ರಿ."

"ಯಾತರ ಕೀಲಿ?" ಅತ್ತೆ ಗುಡುಗಿದರು. "ಗಾಡೀದೇನಲೇ ತಪ್ಪು? ದೃಷ್ಟಿ ಆಗಿತ್ತು, ತೆಗುದೆ, ಬಿಡ್ತು. ಹೌದೋ ಅಲ್ಲವೋ ಅಳಿಯಂದ್ರೇ?"

ಇಡೀ ಪಂಕ್ತಿ ನನ್ನತ್ತ ತಿರುಗಿತು. ನಿಜ ಹೇಳಿದರೆ ಮಾನ ಹೋಗುತ್ತದೆ. ಅಲ್ಲವೆಂದರೆ ಜೀಪು ಹೋಗುತ್ತದೆ.

"ಹೌದು ಅತ್ತೆ," ಎಂದೆ, ವಿಶ್ವವಿದ್ಯಾಲಯದ ಕ್ಷಮೆ ಕೋರಿ. "ಬಹಳ ಗಟ್ಟಿ ದೃಷ್ಟಿ."

ಬೀಗರಾದ ಮುರುಗೇಶಪ್ಪನವರು ಭಕ್ತಿಯಿಂದ, "ಅಮ್ಮಾರೇ, ನಮ್ಮ ಟ್ರ್ಯಾಕ್ಟರಿಗೂ ಒಂದೀಟು ತೆಗೀರಿ, ಬೆಳಗ್ಗೆ ಹೊತ್ತು ಚಾಲೂನೇ ಆಗಾಕಿಲ್ಲ," ಎಂದರು. ಅತ್ತೆ ಗಂಭೀರವಾಗಿ ತಲೆದೂಗಿದರು.

ಹೋಳಿಗೆಗೆ ತುಪ್ಪ ಬಡಿಸುತ್ತ ಬಂದ ದಾಕ್ಷಾಯಿಣಿ ನನ್ನ ಎಲೆಯ ಮೇಲೆ ಬಗ್ಗಿದಳು.

"ಫ್ಯಾನಿನ ವೈರು ಅದಲುಬದಲು ಮಾಡಿದ್ದು ನಾನು ನೋಡೀನಿ. ಜೀಪಿನ ಕೀಲಿ ನೀವೇ ಇಟ್ಕಳ್ರಿ. ಸ್ಪ್ಯಾನರ್ ಡಬ್ಬಿ ನಂಗೆ ಕೊಡ್ರಿ. ಎಲ್ಲರ ಗಾಡಿ ಮೇಲೂ ಕಣ್ಣು ಬೀಳ್ತೈತೆ ಕಣ್ರಿ. ನಮ್ಮ ಗಾಡಿ ಮೇಲೆ ಬಿದ್ದಿದ್ದು ನಿಮ್ಮ ಕೈ!"