ಎರಡನೇ ಖಾನೆಯ ನೀಲಿ ಡಬ್ಬ

ಚಳಿ ಬಿಡುತ್ತಿದ್ದ ದಿನಗಳು. ಸೋಮವಾರ ಬೆಳಗ್ಗೆ ಎಂಟೂವರೆಗೆ ಪ್ರಯೋಗಾಲಯದ ಫ್ರೀಜರಿನ ಬಾಗಿಲಿಗೆ ಚೀಟಿಯೊಂದು ಅಂಟಿತ್ತು. ಗಾಜು ತೊಳೆಯುವವನಿಗೆ ಓದು ಬಾರದು. ಸ್ಟೋರಿನವನು ಓದಿ ಹೇಳಿದ: ಹಳೆಯ ಡಬ್ಬಗಳನ್ನೆಲ್ಲ ಸಂಜೆಯೊಳಗೆ ಎಸೆಯಬೇಕು.

ಗಾಜು ತೊಳೆಯುವವನು ತಟ್ಟನೆ ಫ್ರೀಜರ್ ತೆರೆದ. ಏಳು ವರ್ಷದ ಹಿಂದೆ ಹೆಂಡತಿಯ ಹೊಟ್ಟೆಯಿಂದ ತೆಗೆದ ಗಡ್ಡೆಯ ಚೂರು ಎರಡನೇ ಖಾನೆಯ ಎಡಮೂಲೆಯ ನೀಲಿ ಡಬ್ಬದಲ್ಲಿತ್ತು. ಅದನ್ನು ಸಂಶೋಧನೆಗೆ ಕೊಡಲು ಒಪ್ಪಿ ಹೆಬ್ಬೆಟ್ಟು ಒತ್ತಿದವನು ಅವನೇ. ಅವಳು ಉಳಿಯಲಿಲ್ಲ. ಮೈಯಲ್ಲಿ ಗಡ್ಡೆಯಿದ್ದರೆ ರಕ್ತದಲ್ಲಿ ಸುಳಿವು ಕೊಡುವ ಪ್ರೋಟೀನುಗಳಿವೆಯಂತೆ. ಅವನ್ನು ಮಾಡಿಸುವ ಜೀನುಗಳದು ಒಂದು ದೊಡ್ಡ ಸಂಸಾರವಂತೆ. ಒಂದೇ ಜೀನು ಕೋಟ್ಯಂತರ ವರ್ಷಗಳಲ್ಲಿ ನಕಲಾಗುತ್ತ, ಅಣ್ಣತಮ್ಮಂದಿರು ಬೇರೆ ಮನೆ ಹೂಡಿದಂತೆ, ಹತ್ತಾರು ಆಯಿತಂತೆ. ಪ್ರಯೋಗಾಲಯ ನಡೆಸುವ ಮೇಡಂ ಆ ಸಂಸಾರದ ಮೂಲ ಹುಡುಕುತ್ತಿದ್ದರು. ಅವಳ ಚೂರು ಇಲ್ಲಿದೆಯೆಂದೇ ಅವನು ಇಲ್ಲಿ ಕೆಲಸಕ್ಕೆ ಸೇರಿದ್ದು. ದಿನಾ ಡಬ್ಬದ ಮೇಲಿನ ಮಂಜು ಒರೆಸಿ ಮನೆಯ ಸುದ್ದಿ ಹೇಳುತ್ತಿದ್ದ. ಹೋದ ವರ್ಷ ಮಗಳಿಗೆ ಬಂದ ಗಂಡನ್ನೂ ಡಬ್ಬವನ್ನು ಕೇಳಿಯೇ ಒಪ್ಪಿದ್ದ. ಡಬ್ಬ ಬೇಡ ಅಂದಿರಲಿಲ್ಲ. ಬದುಕಿದ್ದಾಗ ಅವಳು ಯಾವುದಕ್ಕೂ ಅಷ್ಟು ಸುಲಭಕ್ಕೆ ಒಪ್ಪಿದವಳಲ್ಲ.

ಈಗ ಡಬ್ಬವನ್ನು ಊಟದ ಚೀಲಕ್ಕೆ ಇಳಿಸಿಕೊಂಡ. ಹತ್ತಕ್ಕೆಲ್ಲ ಚೀಲ ಸೋರತೊಡಗಿತು. ಹಲ್ಲುನೋವೆಂದು ಕ್ಯಾಂಟೀನಿನ ಅಕ್ಕನ ಹತ್ತಿರ ಐಸ್ ಕೇಳಿದ. ಅಕ್ಕ ಐಸ್ ಕೊಟ್ಟು, ಬಾಯಿ ತೆರೆಸಿ ನೋಡಿ, ಹಲ್ಲು ಗಟ್ಟಿಯಾಗಿಯೇ ಇವೆ ಎಂದು ಬಂದವರಿಗೆಲ್ಲ ಹೇಳಿದಳು. ಮಧ್ಯಾಹ್ನ ಕಾಲುಳುಕಿದೆಯೆಂದು ಮತ್ತೆ ಕೇಳಿದ. ಬರುವಾಗ ಬಲಗಾಲು ಕುಂಟಿತು, ಹೋಗುವಾಗ ಎಡಗಾಲು. ಸ್ಟೋರಿನವನಿಗೆ ಅಷ್ಟು ಸಾಕಾಯಿತು. ಬೆಲೆಬಾಳುವ ಔಷಧಿ ಸಾಗುತ್ತಿದೆ ಎಂದು ಗೇಟಿನವನ ಕಿವಿಯಲ್ಲಿ ಊದಿದ. ಮೂರು ಗಂಟೆಗೆ ಅವನನ್ನು ಚೀಲದ ಸಮೇತ ಮೇಡಂ ಮುಂದೆ ನಿಲ್ಲಿಸಿದರು. ಚೀಲ ಒದ್ದೆ ಬೆಕ್ಕಿನ ಹಾಗೆ ತೊಟ್ಟಿಕ್ಕುತ್ತಿತ್ತು.

"ಇದನ್ನ ಯಾಕಪ್ಪಾ ತಗೊಂಡೆ?"

"ನಮ್ಮನೆಯವಳು ಇದರೊಳಗಿದಾಳೆ ಮೇಡಂ. ಬೇಕಾದ್ರೆ ನನ್ನ ಕೆಲಸ ತೆಗೀರಿ, ಅವಳನ್ನ ಎಸೀಬೇಡಿ."

ನೋಡಲೆಂದು ಬಾಗಿಲಿಗೆ ಬಂದಿದ್ದ ಕ್ಯಾಂಟೀನಿನ ಅಕ್ಕ ಮುಖ ತಿರುಗಿಸಿಕೊಂಡಳು. ಮೇಡಂ ಡಬ್ಬದ ಚೀಟಿ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು.

"ಇದು ಕೋತೀದು ಕಣಪ್ಪಾ."

ಮನುಷ್ಯರ ಜೀನಿಗೆ ಹೋಲಿಸಿ ನೋಡಲು ತರಿಸಿದ್ದು. ನಾಲ್ಕು ವರ್ಷದ ಹಿಂದೆ, ಅವನು ಜ್ವರದಲ್ಲಿ ಮಲಗಿದ್ದಾಗ, ಹೊಸ ಫ್ರೀಜರ್ ಬಂದು ಒಂದೇ ಥರದ ನೀಲಿ ಡಬ್ಬಗಳ ಜಾಗ ಬದಲಾಗಿತ್ತು. ಸ್ಟೋರಿನವನು ನಗು ತಡೆಯಲಾರದೆ ಕೆಮ್ಮಿದ.

"ಹಂಗಾದ್ರೆ ಅವಳೆಲ್ಲಿ?"

ಚೂರು ಮೊದಲ ವರ್ಷವೇ ಖರ್ಚಾಗಿತ್ತು. ಆದರೆ ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಗಾಜಿನ ತಟ್ಟೆಗಳಲ್ಲಿ ಲಕ್ಷಗಟ್ಟಲೆ ನಕಲು ಬೆಳೆಸುತ್ತಿದ್ದರು. ಮೊನ್ನೆಮೊನ್ನೆಯವರೆಗೂ ಬೆಳೆಯುತ್ತಲೇ ಇತ್ತು ಎಂದು ಮೇಡಂ ಸಮಾಧಾನ ಹೇಳಿದರು. ಅವನ ಮುಖ ಅರಳಿತು. ಆ ತಟ್ಟೆಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿದ.

ಮೇಡಂ ಡಬ್ಬವನ್ನು ಮೇಜಿನ ಮೇಲಿಟ್ಟರು. "ಕೆಲಸ ಮುಗಿದ ತಟ್ಟೆಗಳೆಲ್ಲ ನಿನ್ನ ಹತ್ರಾನೇ ಬರ್ತಿದ್ವಲ್ಲಪ್ಪಾ."

ಬರುತ್ತಿದ್ದವು. ಹಬೆಯಲ್ಲಿ ಬೇಯಿಸಿ, ಬಳಿದು ಚೆಲ್ಲಿ, ತೊಳೆದಿಡುತ್ತಿದ್ದವನು ಅವನೇ. ಕಡೆಯ ತಟ್ಟೆಗಳು ಹೋದದ್ದು ಕಳೆದ ಶುಕ್ರವಾರ. ಇಷ್ಟೊಂದು ಯಾಕೆ ಬೆಳೆಸ್ತಾರೋ ಎಂದು ಅವತ್ತು ಅವನು ಗೊಣಗಿದ್ದ.