ಊಟದ ಸಾಲಿನ ಪ್ರಕರಣ

ಮಕ್ಕಳಿಗೆ ಪ್ರಜಾಪ್ರಭುತ್ವ ಕಲಿಸುವುದರಲ್ಲಿ ಚಿಕ್ಕೇರೂರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ತಿಳಿದಿದ್ದೆ. ನಮ್ಮ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಮಾಸ್ತರ ನಾನೊಬ್ಬನೇ ಆದ್ದರಿಂದ ಈ ಮಾತಿಗೆ ಎದುರು ಹೇಳುವವರೂ ಇರಲಿಲ್ಲ.

ಹೆಂಡತಿಯ ನೌಕರಿ ಸವಣೂರಿನಲ್ಲಿ, ನಾನು ಇಲ್ಲಿ ಬಾಡಿಗೆ ಕೋಣೆಯಲ್ಲಿ. ರಾತ್ರಿ ಗೋಡೆ ನೋಡುತ್ತ ಉಣ್ಣುವುದು. ಮಧ್ಯಾಹ್ನ ಮಾತ್ರ ಬಿಸಿಯೂಟಕ್ಕೆ ಎಂಟನೆಯ ತರಗತಿಯ ಮಕ್ಕಳ ಸಾಲಿನಲ್ಲಿ ಕೂರುತ್ತಿದ್ದೆ. ಅವರೊಡನೆ ಮಾತಾಡುತ್ತ ಉಣ್ಣುವ ಆ ಅರ್ಧ ತಾಸಿಗಾಗಿ ದಿನವಿಡೀ ಕಾಯುತ್ತಿದ್ದೆ.

ಹಿರೇಕೆರೂರಿನ ತರಬೇತಿಯಲ್ಲಿ ಹೊಸ ಪದ್ಧತಿಯೊಂದನ್ನು ಹೇಳಿಕೊಟ್ಟಿದ್ದರು. ಮಕ್ಕಳೇ ತಮ್ಮ ಬದುಕಿನ ತಕರಾರೊಂದನ್ನು ಪ್ರಕರಣವಾಗಿ ತಂದು, ಗುಂಪಿನಲ್ಲಿ ಚರ್ಚಿಸಿ, ಕೈ ಎತ್ತಿ ತೀರ್ಮಾನಿಸಬೇಕು. "ತೀರ್ಮಾನಕ್ಕೆ ನಾನೂ ಬದ್ಧ," ಎಂದು ತರಗತಿಯಲ್ಲಿ ಗಂಭೀರವಾಗಿ ಘೋಷಿಸಿದೆ. ನಳದ ನೀರಿನದೋ ಆಟದ ಚೆಂಡಿನದೋ ಪ್ರಕರಣ ಬರುತ್ತದೆಂದು ನನ್ನ ಅಂದಾಜು.

ರೇಣುಕಾ ಎಂಬ ಹುಡುಗಿ ಎದ್ದು ನಿಂತಳು. "ಸರ್, ಒಂದೂರಾಗ ಹುಡುಗೂರು ಉಣ್ಣಾಕ ಕುಂತಾಗ ಒಬ್ರು ಹಿರೇರು ನಡುವ ಬಂದು ಕುಂದರ್ತಾರ್ರಿ. ತುತ್ತಿಗೊಂದು ಪ್ರಶ್ನೆ ಕೇಳ್ತಾರ. ಉತ್ತರ ಹೇಳೂದ್ರಾಗ ಅನ್ನ ಆರಿ ಹೋಗ್ತೈತಿ. ಏನ್ ಮಾಡಬೇಕ್ರಿ?"

ನನ್ನ ರಕ್ತ ಕುದಿಯಿತು. ಉಣ್ಣುವ ಮಕ್ಕಳಿಗೆ ಇಂಥ ಕಾಟವೇ! ಚರ್ಚೆಯಲ್ಲಿ ಮಾಸ್ತರ ಬಾಯಿ ಹಾಕಬಾರದೆಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಹಾಕಿದೆ.

"ಅಂಜಬ್ಯಾಡ್ರಿ. ಎಷ್ಟ ದೊಡ್ಡಾವ ಇದ್ರೂ ಎಬ್ಬಿಸಿ ಕಳಸ್ರಿ."

ಹಿಂದಿನ ಬೆಂಚಿನ ಬಸು ಮೆಲ್ಲಗೆ ಎದ್ದ. "ಅವರು ಮನ್ಯಾಗ ಒಬ್ರ ಇರ್ತಾರ್ರಿ ಸರ್. ಮಾತಿಗೆ ಯಾರೂ ಇಲ್ಲ. ವಾರದಾಗ ಒಂದ್ ದಿನಾರ ಬರ್ಲಿ ಅಂತೇನ್ರಿ."

ಹಲವು ತಲೆಗಳು ಅಲ್ಲಾಡಿದವು. ಬಸುವಿನ ತಿದ್ದುಪಡಿ ಇನ್ನೇನು ಪಾಸಾಗುವುದರಲ್ಲಿತ್ತು. ನಾನು ಬಿಡಬೇಕಲ್ಲ! ಕನಿಕರ ಬೇರೆ, ನ್ಯಾಯ ಬೇರೆ ಎಂದು ಉದ್ದಕ್ಕೆ ಭಾಷಣ ಬಿಗಿದೆ. ತಿದ್ದುಪಡಿ ಬಿದ್ದುಹೋಯಿತು. ಆ ಹಿರಿಯರನ್ನು ಸಾಲಿನಿಂದ ಎಬ್ಬಿಸಬೇಕೆಂದು ಇಡೀ ತರಗತಿ ಕೈ ಎತ್ತಿತು. ಹುರುಪಿನಲ್ಲಿ ನಾನೂ ಎತ್ತಿದೆ.

"ಅವರು ಯಾರು ಹೇಳ್ರಿ. ನಾನ ಹೋಗಿ ತಿಳಿಸಿ ಬರ್ತೇನಿ."

ರೇಣುಕಾ ನೆಲ ನೋಡುತ್ತ ನಿಂತಳು. "ಹೋಗೂದೇನ್ ಬ್ಯಾಡ್ರಿ ಸರ್. ಇಲ್ಲೇ ನಿಂತು ತಿಳ್ಕೊಂಡ್ರೂ ನಡೀತೈತ್ರಿ."

ಸಂಜೆ ಹೆಂಡತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿಕೊಂಡೆ. ಸಮಾಧಾನದ ಎರಡು ಮಾತು ಬೇಕಾಗಿತ್ತು.

"ಹುಡುಗೂರು ಶಾಣ್ಯಾ ಅದಾವ್ರಿ," ಎಂದಳು. "ನಿಮ್ಮ ಪ್ರಶ್ನೆ ನಿಲ್ಲಸಾಕ ನಮ್ಮ ಮನ್ಯಾಗ ನಂದೊಂದ ಕೈ. ಬಹುಮತ ಸಿಗಲಿಲ್ಲ ನೋಡ್ರಿ."

ಮರುದಿನ ಮಂಗಳವಾರ. ತಾಟು ಹಿಡಿದು ಸ್ಟಾಫ್ ರೂಮಿಗೆ ಹೋದೆ. ಉಳಿದ ಮಾಸ್ತರರು ಊರಿನವರೇ, ಊಟಕ್ಕೆ ಮನೆಗೆ ಹೋಗಿದ್ದರು. ಹೊರಗೆ ಸಾಲಿನಲ್ಲಿ ಯಾವುದಕ್ಕೋ ಎಲ್ಲರೂ ನಗುತ್ತಿದ್ದರು. ತಾಟು ಬಿಟ್ಟು ಬಾಗಿಲಿಗೆ ಬಂದೆ. ಕೈ ತೊಳೆಯಲು ಹೊರಟಿದ್ದ ಬಸುವನ್ನು ಕರೆದು, ಅವನ ತಿದ್ದುಪಡಿಯನ್ನು ಮತ್ತೊಮ್ಮೆ ಚರ್ಚೆಗೆ ತರಲು ಬರುತ್ತದೆಯೇ ಎಂದು ಮಾಸ್ತರನ ಗತ್ತು ಬಿಡದೆ ಕೇಳಿದೆ.

ಅವನು ಸಾಲಿನತ್ತ ಓಡಿ, ವಿಚಾರಿಸಿಕೊಂಡು ಬಂದ.

"ಶುಕ್ರವಾರ ಬರ್ರಿ ಅಂತಾರ್ರಿ. ಮಾತಾಡ್ಲಾರ್ದಂಗ ಉಣ್ಣೂದಾದ್ರ."

ಒಪ್ಪಿಕೊಂಡೆ. ಶುಕ್ರವಾರಕ್ಕಾಗಿ ಈಗ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಉಣ್ಣುವ ಅಭ್ಯಾಸ ನಡೆಸಿದ್ದೇನೆ. ಮಾತಾಡೋಣವೆಂದರೂ ಅಲ್ಲಿ ಯಾರೂ ಇಲ್ಲವಾದ್ದರಿಂದ ಪ್ರಗತಿ ಚೆನ್ನಾಗಿದೆ.