ಆನ್‌ಲೈನ್ ವ್ಯಾಕರಣವೂ ಆಫ್‌ಲೈನ್ ಹಾಲೂ

ಆನ್‌ಲೈನ್ ಪಾಠ ನನಗೆ ನೀರು ಕುಡಿದಷ್ಟು ಸುಲಭ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಘೋಷಿಸಿಬಿಟ್ಟೆ. ಇಪ್ಪತ್ತೆಂಟು ವರ್ಷ ಮೈಕಿಲ್ಲದೆ ಕೊನೆಯ ಬೆಂಚಿನವರನ್ನೂ ನಿದ್ದೆಯಿಂದ ಎಬ್ಬಿಸಿದ ಗಂಟಲು ಸ್ವಾಮಿ ಇದು!

ನಮ್ಮ ವಿಶ್ವವಿದ್ಯಾಲಯ ಕನ್ನಡ ವ್ಯಾಕರಣಕ್ಕೊಂದು ಆನ್‌ಲೈನ್ ಕೋರ್ಸ್ ಮಾಡಹೊರಟಿತ್ತು. ಹತ್ತು ನಿಮಿಷದ ಮಾದರಿ ಪಾಠ ಕಳಿಸಬೇಕು. ಪಾಸಾದರೆ ಇಡೀ ಕೋರ್ಸು ನನ್ನದು. ಇಲ್ಲವಾದರೆ ಶೇಷಾದ್ರಿಪುರಂನ ಕೈಲಾಸ್ ಪಾಲು. ಅವನು ನನ್ನ ಶಿಷ್ಯ. ಅವನಿಗೆ ಸಂಧಿ ಕಲಿಸಿದವನೇ ನಾನು. ಈ ವಯಸ್ಸಿನಲ್ಲಿ ಅವನ ಕೈಕೆಳಗೆ ಕೆಲಸ ಮಾಡುವಂತಾದರೆ ನನ್ನ ಮಾನ ಸಂಪಿಗೆ ರಸ್ತೆಯಲ್ಲಿ ಹರಾಜು!

ಮೊದಲು ಫಾರಂ ತುಂಬಬೇಕಿತ್ತು. ‘ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು ಏನನ್ನು ಮಾಡಬಲ್ಲನು?’ ಎಂಬ ಪ್ರಶ್ನೆಗೆ ಅರ್ಧ ದಿನ ತಲೆ ಕೆರೆದುಕೊಂಡೆ.

“ಮೊಬೈಲ್ ಆಫ್ ಮಾಡಬಲ್ಲನು ಅಂತ ಬರೀರಿ,” ಎಂದಳು ನನ್ನ ಹೆಂಡತಿ ಚೂಡಾಮಣಿ, ಹುರುಳಿಕಾಯಿ ನಾರು ತೆಗೆಯುತ್ತಾ.

ಕಳಿಸುವ ಕೊನೆಯ ದಿನ ಮಲಗುವ ಕೋಣೆಯನ್ನೇ ಸ್ಟುಡಿಯೋ ಮಾಡಿದೆ. ಬೀರುವಿನಲ್ಲಿದ್ದ ಹಸಿರು ರೇಷ್ಮೆ ಸೀರೆ ಗೋಡೆಯ ಪರದೆಯಾಯಿತು.

“ನನ್ನ ತವರಿನ ಸೀರೆ! ಅದನ್ನ ಗೋಡೆಗ್ಯಾಕ್ರೀ ಉಡ್ಸಿದೀರಿ?”

“ಹಿಂದುಗಡೆ ಹಸಿರು ಇರ್ಬೇಕಂತೆ. ನೋಡು, ಐದು ಗಂಟೆ ತನಕ ನನ್ನನ್ನ ಯಾರೂ ಕರೀಬಾರ್ದು!”

“ನಾನ್ಯಾಕೆ ಕರೀಲಿ? ಪಾಯಸಕ್ಕೆ ಹಾಲಿಟ್ಟಿದೀನಿ, ಅಷ್ಟೆ.”

ಬಾಗಿಲು ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕುಳಿತೆ. ನಾನು ಆರಿಸಿಕೊಂಡ ಪಾಠ ಸಂಭಾವನಾರ್ಥಕ ಕ್ರಿಯಾಪದ. ಅಂದರೆ, ಇನ್ನೂ ನಡೆಯದ, ಆದರೆ ನಡೆಯಬಹುದಾದ ಸಂಗತಿಯನ್ನು ಹೇಳುವ ಕ್ರಿಯಾಪದ. ಮೊದಲ ಆರು ರೆಕಾರ್ಡಿಂಗುಗಳು ಕುಕ್ಕರಿಗೆ, ಹಳೇ ಪೇಪರ್‌ನವನಿಗೆ, ನನ್ನ ಕೆಮ್ಮಿಗೆ ಆಹುತಿಯಾದವು. ಏಳನೆಯದು ಮಾತ್ರ ಗಂಗಾಪ್ರವಾಹ!

“ವಿದ್ಯಾರ್ಥಿಗಳೇ, ‘ಮಳೆ ಬಂದೀತು’ ಎಂದರೆ ಇನ್ನೂ ಬಂದಿಲ್ಲ, ಬರಬಹುದು. ದೀರ್ಘವನ್ನು ಗಮನಿಸಿ. ಕಿವಿ ಸೂಕ್ಷ್ಮವಾಗಿರಬೇಕು!”

ಅಷ್ಟರಲ್ಲಿ ಹೊರಗೆ ಹೂವಿನ ಮುನಿಯಮ್ಮ ಕೂಗಿದಳು. ಹಿಂದೆಯೇ ಗೇಟಿನಿಂದ ಚೂಡಾಮಣಿಯ ದನಿ: “ರೀ, ಹಾಲು ಉಕ್ಕಿತು!”

ಉಕ್ಕಿತು! ಆಗಿಹೋದ ಕೆಲಸ. ಉಕ್ಕಿದ ಮೇಲೆ ಹೋಗಿ ನಾನು ಮಾಡುವುದೇನು? ಏಳನೆಯ ಪ್ರವಾಹವನ್ನು ನಿಲ್ಲಿಸುವ ಮೂರ್ಖ ನಾನಲ್ಲ. ಮುಂದುವರಿಸಿದೆ. ಐದು ನಿಮಿಷಕ್ಕೆ ಸೀದ ವಾಸನೆ ಬಂತು. ಆರನೆಯ ನಿಮಿಷಕ್ಕೆ ಬಾಗಿಲು ದಢಾರನೆ ತೆರೆದು, ಮಲ್ಲಿಗೆ ಮೊಳದ ಸಮೇತ ಚೂಡಾಮಣಿ ನೇರ ಕ್ಯಾಮೆರಾದೊಳಕ್ಕೇ ಬಂದಳು.

“ಅಷ್ಟು ಕೂಗಿದ್ನಲ್ಲ, ಕೇಳಿಸ್ಲಿಲ್ವಾ?”

“ಕೇಳಿಸ್ತು! ಹಾಲು ಉಕ್ಕಿತು ಅಂದೆ. ಉಕ್ಕಿದ್ಮೇಲೆ ನಾನು ಬಂದು ವಾಪಸ್ ತುಂಬೋಕಾಗತ್ತಾ?”

“ನಿಮ್ಮ ಹಾಗೆ ಪುಸ್ತಕದ ಕನ್ನಡ ಮಾತಾಡ್ತೀನಾ ನಾನು? ಉಕ್ಕಿದ್ದಿದ್ರೆ ‘ಉಕ್ತು’ ಅಂತಿದ್ದೆ. ನಾನಂದಿದ್ದು ಉಕ್ಕೀತು! ದೀರ್ಘ! ಉಕ್ಕಬಹುದು, ಹೋಗಿ ನೋಡ್ಕೊಳ್ಳಿ ಅಂತ! ಕರೆದ್ರೆ ಬಾರರು, ಹೇಳಿದ್ರೆ ಕೇಳರು! ಇವರನ್ನ ನಂಬಿದ್ರೆ ನಾಳೆ ಮನೆಗೇ ಬೆಂಕಿ ಹತ್ತಿಕೊಂಡೀತು! ಏಳಿ, ಒಲೆ ಒರೆಸಿ!”

ಎದ್ದೆ. ಒರೆಸಿದೆ. ತಳ ಹಿಡಿದ ಪಾತ್ರೆಯನ್ನೂ ಉಜ್ಜಿದೆ. ಕೈ ತೊಳೆದು ಬರುವಾಗ ಐದು ಗಂಟೆಯ ಗಡುವಿಗೆ ಎರಡೇ ನಿಮಿಷ. ಲ್ಯಾಪ್‌ಟಾಪಿನಲ್ಲಿ ‘ಫೈನಲ್’, ‘ಫೈನಲ್ ಫೈನಲ್’, ‘ನಿಜವಾದ ಫೈನಲ್’ ಎಂಬ ಮೂರು ಫೈಲುಗಳಿದ್ದವು, ಯಾವುದರಲ್ಲಿ ಯಾವ ರೆಕಾರ್ಡಿಂಗೋ ನೆನಪಿಲ್ಲ. ದೇವರ ಮೇಲೆ ಭಾರ ಹಾಕಿ ಒಂದನ್ನು ಒತ್ತಿದೆ. ಹೋದ ಮೇಲೆ ತೆರೆದು ನೋಡುತ್ತೇನೆ, ಮಲ್ಲಿಗೆ ಮೊಳ, ಬೈಗುಳ ಎಲ್ಲವೂ ಇವೆ! ಮೂರು ದಿನ ನನಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಕೈಲಾಸ್ ನಗುತ್ತಿದ್ದ.

ನಾಲ್ಕನೆಯ ದಿನ ಕೋರ್ಸಿನ ಉಸ್ತುವಾರಿ ಆಂಜಿನಯ್ಯನವರ ಫೋನ್ ಬಂತು. ಅವಸರದಲ್ಲಿ ಬೆರಳು ತಪ್ಪಿ ಸ್ಪೀಕರ್ ಆನ್ ಆಗಿಬಿಟ್ಟಿತು.

“ಚಕ್ರಪಾಣಿಯವರೇ, ನಿಮ್ಮ ಪಾಠ ಪಾಸ್! ಐವತ್ತು ಜನ ವಿದ್ಯಾರ್ಥಿಗಳಿಗೆ ತೋರಿಸಿದ್ವಿ. ಸಂಭಾವನಾರ್ಥಕಕ್ಕೆ ಉದಾಹರಣೆ ಕೊಡಿ ಅಂದ್ರೆ ಐವತ್ತೂ ಜನ ಸರಿಯಾಗಿ ಬರ್ದಿದಾರೆ!”

ಎದೆ ಉಬ್ಬಿತು. ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದೆ. “ಮಳೆ ಬಂದೀತು ಅಂತ ತಾನೇ ಸಾರ್?”

“ಅಲ್ಲ, ಹಾಲು ಉಕ್ಕೀತು ಅಂತ. ಒಬ್ಬ ಹುಡುಗಿ ಅಭಿಪ್ರಾಯ ಓದ್ತೀನಿ ಕೇಳಿ: ‘ಪಾಠ ಮಾಡಿದ ಮೇಡಂ ಸೂಪರ್. ಆದರೆ ಮೊದಲಿನಿಂದ ಒಬ್ಬರು ಅಂಕಲ್ ಸುಮ್ಮನೆ ಡಿಸ್ಟರ್ಬ್ ಮಾಡುತ್ತಾರೆ.’ ಮುಂದಿನ ಪಾಠಗಳಲ್ಲೂ ಮೇಡಂ ಇರ್ಲೇಬೇಕು ಸ್ವಾಮಿ!”

ಚೂಡಾಮಣಿ ಫೋನಿನತ್ತ ಬಗ್ಗಿದಳು. “ಸಾರ್, ಸಂಭಾವನಾರ್ಥಕ ಸರಿ. ಸಂಭಾವನೆ?”

ಆಂಜಿನಯ್ಯನವರು ನಕ್ಕರು. “ಬಂದೀತು ಮೇಡಂ!”

ಕೋರ್ಸು ನನಗೇ ಬಂತು, ಕೈಲಾಸ್ ಫೋನ್ ಮಾಡಿ ಅಭಿನಂದನೆಯನ್ನೂ ಹೇಳಿದ. ಆದರೆ ಅಭಿನಂದನೆ ನನಗಲ್ಲ, ಮೇಡಂಗಂತೆ! ಈಗ ಮಲಗುವ ಕೋಣೆಯಲ್ಲಿ ಎರಡನೆಯ ಪಾಠ ನಡೆಯುತ್ತಿದೆ. ಗೋಡೆಯ ಮೇಲಿದ್ದ ಹಸಿರು ಸೀರೆ ಈಗ ಮೇಡಂ ಮೈಮೇಲಿದೆ. ಐದು ಗಂಟೆ ತನಕ ಅವಳನ್ನು ಯಾರೂ ಕರೆಯಬಾರದು. ನಾನು ಒಲೆಯ ಮುಂದೆ ನಿಂತು, ಒಂದು ಕಣ್ಣು ಹಾಲಿನ ಮೇಲಿಟ್ಟು, ಇನ್ನೊಂದರಲ್ಲಿ ನಿಮಗೆ ಈ ಕಥೆ ಬರೆಯುತ್ತಿ...

ಅಯ್ಯೋ! ಉಕ್ಕಿತು. ಈ ಸಲ ಹ್ರಸ್ವವೇ.